ನಿಂತ ಗಾಡಿಗಳ ಲೆಕ್ಕ

ಅಪ್ಪನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿ ಆಗಿತ್ತು. ಎಲ್ಲರೂ ನಿಲ್ಲುವಲ್ಲಿ ನಿಂತು ನೋಡಿದರು, ಎಲ್ಲರೂ ಫೋಟೊ ತೆಗೆಸಿಕೊಳ್ಳುವಲ್ಲಿ ತೆಗೆಸಿಕೊಂಡರು. ಆದರೆ ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸಿನ ನಮ್ಮ ಮನೆಗೆ ಬಂದ ಮೂರು ತಿಂಗಳಲ್ಲಿ ಅವರು ತಾವಾಗಿ ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲಿ ಹಳೇ ರೋಡ್ ಅನ್ನೂದು ಇಲ್ಲೇನ ಯವ್ವಾ? ಎಲ್ಲಾ ಬರೇ ಬೈಪಾಸೇ ಏನ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ರಾಣೇಬೆನ್ನೂರಿನ ಪಿ.ಬಿ. ರೋಡಿನಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಚಹಾದಂಗಡಿ ನಡೆಸಿದವರು. ಪುಣೆ–ಬೆಂಗಳೂರು ರಸ್ತೆ ಆಗ ಊರೊಳಗೇ ಹಾಯುತ್ತಿತ್ತು. ಬ್ಯಾಡಗಿ ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡ ಲಾರಿ ಬಂತೆಂದರೆ ಅಂಗಡಿಯಲ್ಲಿ ಕೂತವರೆಲ್ಲ ಸೀನುತ್ತಿದ್ದರು. ರಾತ್ರಿ ಎರಡು ಗಂಟೆಗೂ ಒಲೆ ಆರುತ್ತಿರಲಿಲ್ಲ. ಗಲ್ಲಾದ ಪಕ್ಕದ ಗೋಡೆಯ ಮೇಲೆ ಅಪ್ಪ ಖಡುವಿನಿಂದ ಗೀಟು ಹಾಕುತ್ತಿದ್ದರು, ನಿಂತ ಲಾರಿಗೊಂದು ಗೀಟು. ನಾಲ್ಕಾದ ಮೇಲೆ ಐದನೆಯದು ಅಡ್ಡಗೀಟು. ನಾಳೆಗೆ ಎಷ್ಟು ಹಾಲು ಹೇಳಬೇಕು, ಎಷ್ಟು ಸೇರು ಮಂಡಕ್ಕಿ ತರಬೇಕು ಎಂಬುದನ್ನೆಲ್ಲ ಆ ಗೋಡೆಯೇ ಹೇಳುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸುವರ್ಣ ಚತುಷ್ಪಥದ ಕೆಲಸ ಬಂತು. ನಾಲ್ಕು ಪಥದ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಗಿನಿಂದ ಹೋಯಿತು. ಗೋಡೆಯ ಮೇಲೆ ದಿನಕ್ಕೆ ನಲವತ್ತು ಗೀಟು ಇದ್ದದ್ದು ಹತ್ತಾಯಿತು, ನಾಲ್ಕಾಯಿತು. ಒಂದು ಯುಗಾದಿಗೆ ಅಪ್ಪ ಆ ಗೋಡೆಗೆ ಸುಣ್ಣ ಬಳಿದರು. ಮತ್ತೆ ಅದರ ಮೇಲೆ ಗೀಟು ಬೀಳಲಿಲ್ಲ. ಆ ವಿಷಯ ಮನೆಯಲ್ಲಿ ಯಾರೂ ಎತ್ತಲೂ ಇಲ್ಲ.

"ಐತಿ ಅಪ್ಪ. ಕರ್ಕೊಂಡು ಹೋಗ್ತೀನಿ" ಅಂದೆ. ಅವ್ವ ಮೊಮ್ಮಗನ ಜೊತೆ ಮನೆಯಲ್ಲಿ ಉಳಿದಳು. ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಾವಿಬ್ಬರೇ ಹೊರಟೆವು.

ರೂಟ್ 66 ಎಂಬ ಹೆಸರು ಕೇಳದವರು ಕಡಿಮೆ. ಟೀ ಶರ್ಟುಗಳ ಮೇಲೆ, ನಮ್ಮೂರಿನ ಹೋಟೆಲುಗಳ ಗೋಡೆಗಳ ಮೇಲೂ ಅದರ ಫಲಕದ ಚಿತ್ರ ಕಾಣುತ್ತದೆ. 1926ರ ನವೆಂಬರ್ 11ರಂದು ಅಮೆರಿಕದ ಹೆದ್ದಾರಿಗಳಿಗೆ ನಂಬರು ಕೊಟ್ಟಾಗ ಈ ರಸ್ತೆಗೆ 66 ಸಿಕ್ಕಿತು. ಶಿಕಾಗೊದಿಂದ ಕ್ಯಾಲಿಫೋರ್ನಿಯದ ಕಡಲತೀರದವರೆಗೆ 2,400 ಮೈಲಿಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ 3,900 ಕಿಲೋಮೀಟರ್. ಹೊಸದಾಗಿ ಕಡಿದ ರಸ್ತೆಯೇನಲ್ಲ. ಇದ್ದ ಊರುದಾರಿಗಳನ್ನೇ ಒಂದಕ್ಕೊಂದು ಗಂಟು ಹಾಕಿ ನಂಬರು ಕೊಟ್ಟದ್ದು. ಉದ್ದಕ್ಕೂ ಡಾಂಬರು ಬೀಳಲು 1938 ಆಗಬೇಕಾಯಿತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂದ ಮೇಲೆ ಊರೂರೂ ಬೈಪಾಸ್ ಆಗುತ್ತ ಬಂತು. ಕೊನೆಗೆ ಉಳಿದಿದ್ದ ವಿಲಿಯಮ್ಸ್ ಎಂಬ ಊರು 1984ರ ಅಕ್ಟೋಬರಿನಲ್ಲಿ ಬದಿಗೆ ಸರಿಯಿತು, ಮರುವರ್ಷ ಸರ್ಕಾರ ನಂಬರನ್ನೇ ಅಳಿಸಿತು. ಅರಿಜೋನದ ಪಶ್ಚಿಮದಲ್ಲಿ ಮಾತ್ರ ಸುಮಾರು 160 ಮೈಲಿ ಹಳೆಯ ರಸ್ತೆ ಕಡಿಯದೆ ಉಳಿದಿದೆ. ಸೆಲಿಗ್ಮನ್ ಎಂಬ ಸಣ್ಣ ಊರಿನಿಂದ ಕೊಲರಾಡೊ ನದಿಯ ದಂಡೆಯವರೆಗೆ.

ಹೊಸ ಅಂತರರಾಜ್ಯ ಹೆದ್ದಾರಿ 40ರಲ್ಲಿ 139ನೇ ಎಕ್ಸಿಟ್ ತೆಗೆದುಕೊಂಡು ಕ್ರುಕ್‌ಟನ್ ರಸ್ತೆಗೆ ಇಳಿದ ಕೂಡಲೇ ಗಾಡಿಯ ಸದ್ದು ಬದಲಾಯಿತು. ಹೊಸ ಹೆದ್ದಾರಿ ಗುಡ್ಡ ಬಂದರೆ ಗುಡ್ಡ ಕಡಿಯುತ್ತದೆ, ತಗ್ಗು ಬಂದರೆ ತಗ್ಗು ತುಂಬುತ್ತದೆ. ಇಲ್ಲಿ ನೆಲ ಎದ್ದರೆ ರಸ್ತೆಯೂ ಎದ್ದಿತು, ನೆಲ ಕುಸಿದರೆ ರಸ್ತೆಯೂ ಕುಸಿಯಿತು. ಕಣ್ಣಿಗೆ ಒಣ ಹುಲ್ಲು, ಕುಳ್ಳ ಜುನಿಪರ್ ಗಿಡಗಳು, ದೂರದಲ್ಲಿ ನೀಲಿ ದಿಬ್ಬಗಳು. ಮರಳುಗಾಡು ಎಂದರೆ ಮರಳು ಎಂದುಕೊಂಡಿದ್ದ ಅಪ್ಪ ಕಿಟಕಿ ಇಳಿಸಿ ಬಹಳ ಹೊತ್ತು ನೋಡಿದರು. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರವಿದು, ಗಾಳಿ ತಣ್ಣಗಿತ್ತು. "ನೆಲಾನ ಕೇಳಿ ಹಾಕ್ಯಾರ ನೋಡು ಈ ರೋಡು" ಅಂದರು.

ಸೆಲಿಗ್ಮನ್‌ನಲ್ಲಿ ನಾವು ಅಂದುಕೊಂಡದ್ದಕ್ಕಿಂತ ಮೂರು ತಾಸು ಹೆಚ್ಚು ನಿಂತೆವು. ಕಾರಣ ಒಂದು ಕ್ಷೌರದಂಗಡಿ.

ಆಂಜೆಲ್ ಡೆಲ್ಗಡಿಯೊ ಇದೇ ಊರಿನಲ್ಲಿ 1927ರಲ್ಲಿ ಹುಟ್ಟಿದವರು. ಅವರ ತಂದೆಯದೂ ಕ್ಷೌರದ ವೃತ್ತಿ, ಮಗನದೂ ಅದೇ. ಮೂವತ್ತರ ದಶಕದ ಮುಗ್ಗಟ್ಟಿನಲ್ಲಿ ಮನೆಯವರೆಲ್ಲ ಫೋರ್ಡ್ ಗಾಡಿಗೆ ಸಾಮಾನು ಹೇರಿ ಕ್ಯಾಲಿಫೋರ್ನಿಯಕ್ಕೆ ಹೊರಟು ನಿಂತಿದ್ದರಂತೆ. ಅಣ್ಣಂದಿರ ವಾದ್ಯಮೇಳಕ್ಕೆ ಅದೇ ಹೊತ್ತಿಗೆ ಕೆಲಸ ಸಿಕ್ಕಿ ಉಳಿದರಂತೆ. 1978ರ ಸೆಪ್ಟೆಂಬರ್ 22ರಂದು ಹೆದ್ದಾರಿ 40 ಊರಿನ ಹೊರಗೆ ತೆರೆಯಿತು. ದಿನಕ್ಕೆ ಸಾವಿರಾರು ಗಾಡಿ ಹಾಯುತ್ತಿದ್ದ ಬೀದಿ ಅದೇ ದಿನ ಬರಿದಾಯಿತು. ನಮ್ಮೂರಲ್ಲಿ ಲಾರಿಗಳು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಕಡಿಮೆಯಾದವು, ಇಲ್ಲಿ ಒಂದೇ ಮಧ್ಯಾಹ್ನದ ಕೆಲಸ.

ಆಂಜೆಲ್ ಎಂಟು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 1987ರ ಫೆಬ್ರುವರಿಯಲ್ಲಿ ಸುತ್ತಲ ಊರಿನ ಕೆಲವರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಈ ರಸ್ತೆಗೆ ಐತಿಹಾಸಿಕ ಎಂಬ ಮಾನ್ಯತೆ ಕೊಡಿ ಎಂದು ರಾಜ್ಯ ಸರ್ಕಾರದ ಬೆನ್ನು ಹತ್ತಿದರು. ಅದೇ ವರ್ಷ ನವೆಂಬರಿನಲ್ಲಿ ಅರಿಜೋನ ರಾಜ್ಯ ಸೆಲಿಗ್ಮನ್‌ನಿಂದ ಕಿಂಗ್ಮನ್‌ವರೆಗಿನ ರಸ್ತೆಯನ್ನು ಹಾಗೆ ಘೋಷಿಸಿತು. ಅದನ್ನು ನೋಡಿ ಉಳಿದ ರಾಜ್ಯಗಳಲ್ಲೂ ಸಂಘಗಳು ಹುಟ್ಟಿದವು. 1999ರಲ್ಲಿ ದೇಶದ ಸಂಸತ್ತೇ ಈ ರಸ್ತೆಯ ಸಂರಕ್ಷಣೆಗೆ ಕಾನೂನು ಮಾಡಿತು. ಇಷ್ಟಕ್ಕೂ ಮೊದಲು ಕೈಹಾಕಿದವರು ಎಂಜಿನಿಯರರಲ್ಲ, ಇತಿಹಾಸಕಾರರಲ್ಲ. ಗಿರಾಕಿ ಬರದೆ ಖಾಲಿ ಕುರ್ಚಿಯ ಮುಂದೆ ನಿಂತಿದ್ದ ಒಬ್ಬ ಕ್ಷೌರಿಕ.

ಆ ಕುರ್ಚಿ ಈಗಲೂ ಅಂಗಡಿಯಲ್ಲಿದೆ. ಗೋಡೆಯ ತುಂಬ ಲೋಕದ ಮೂಲೆಮೂಲೆಯಿಂದ ಬಂದವರು ಅಂಟಿಸಿದ ವಿಸಿಟಿಂಗ್ ಕಾರ್ಡುಗಳು. ಮುಂಭಾಗದಲ್ಲಿ ಫ್ರಿಜ್ಜಿಗಂಟಿಸುವ ಬಿಲ್ಲೆ, ಟೋಪಿ, ಲೋಟಗಳ ಮಾರಾಟ. ಇದೆಲ್ಲ ಪ್ರವಾಸಿಗರಿಗಾಗಿ ಹೂಡಿದ ಆಟ, ನಿಜವಾದ ಹಳೆಯ ರಸ್ತೆ ಇದಲ್ಲ ಎಂದು ಹೇಳುವ ಗೆಳೆಯರು ನನಗಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೆ ಇಲ್ಲಿ ಟಯರು, ಐಸು, ರಾತ್ರಿಯ ಹಾಸಿಗೆ ಮಾರುತ್ತಿದ್ದರು. ಈಗ ನೆನಪು ಮಾರುತ್ತಾರೆ. ರಸ್ತೆಬದಿಯ ಅಂಗಡಿ ಯಾವತ್ತೂ ಹೋಗಿಬರುವವನಿಗೆ ಬೇಕಾದದ್ದನ್ನೇ ಮಾರಿದೆ. ಅಪ್ಪನ ಅಂಗಡಿಯಲ್ಲೂ ಲಾರಿಯ ಮುಂದೆ ಕಟ್ಟುವ ನಿಂಬೆಹಣ್ಣು, ಮೆಣಸಿನಕಾಯಿ ಸರ ಇಟ್ಟಿರುತ್ತಿದ್ದರು.

ಅಪ್ಪ ಇಂಗ್ಲಿಷ್ ಫಲಕಗಳನ್ನು ನನ್ನಿಂದ ಓದಿಸಿ ಓದಿಸಿ ಕೇಳಿದರು. ಸಂಘದ ಕತೆಗೆ ಬಂದಾಗ ತಡೆದರು. "ಮತ್ತೊಮ್ಮೆ ಹೇಳು. ಇವ್ರ ಹೋಗಿ ಸರಕಾರಕ್ಕ ಕೇಳಿದ್ರು?"

"ಹೌದಪ್ಪ. ಪತ್ರ ಬರದ್ರು, ಅಲದಾಡಿದ್ರು."

ಅಪ್ಪ ಕುರ್ಚಿಯ ಹಿತ್ತಾಳೆ ಮೊಳೆಗಳನ್ನೇ ನೋಡುತ್ತಿದ್ದರು. "ನಮಗ ಕೇಳಬೇಕು ಅನ್ನೂದಾ ಹೊಳೀಲಿಲ್ಲ ನೋಡು. ರೋಡ್ ಅಂದ್ರ ಸರಕಾರದ್ದು, ಅವ್ರು ಕೊಟ್ಟಿದ್ರು, ಅವ್ರು ಒಯ್ದ್ರು ಅಂತ ಸುಮ್ನಾದ್ವಿ."

ಹೊರಗೆ ಬಂದು ಸ್ನೋ ಕ್ಯಾಪ್‌ಗೆ ಹೋದೆವು. ಆಂಜೆಲ್ ಅವರ ಅಣ್ಣ ಹುವಾನ್ 1953ರಲ್ಲಿ ರೈಲ್ವೆಯವರ ಗುಜರಿ ಹಲಗೆಗಳಿಂದ ಕಟ್ಟಿದ ತಿಂಡಿಯಂಗಡಿ ಇದು. ಬಾಗಿಲಿಗೆ ಎರಡು ಹಿಡಿಕೆ, ಒಂದು ಸುಳ್ಳು. ಅಪ್ಪ ಸುಳ್ಳು ಹಿಡಿಕೆ ಎಳೆದು, ಒಳಗಿದ್ದವರ ಜೊತೆ ತಾವೂ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲು.

ಸೆಲಿಗ್ಮನ್‌ನಿಂದ ಕಿಂಗ್ಮನ್‌ಗೆ ಹೊಸ ಹೆದ್ದಾರಿಯಲ್ಲಿ 70 ಮೈಲಿ. ಹಳೆಯ ರಸ್ತೆ ಉತ್ತರಕ್ಕೆ ದೊಡ್ಡ ಸುತ್ತು ಹಾಕಿ ಹೋಗುತ್ತದೆ, ಸುಮಾರು 87 ಮೈಲಿ. ಯಾಕೆ ಸುತ್ತು? ನೀರಿಗಾಗಿ. 1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿ ಈ ಕಡೆ ಬಂಡಿದಾರಿ ಗುರುತಿಸಲು ಬಂದಾಗ ಜೊತೆಗೆ ಒಂಟೆಗಳನ್ನು ತಂದಿದ್ದ. ಅಮೆರಿಕದ ಸೈನ್ಯ ಅವನ್ನು ಮೆಡಿಟರೇನಿಯನ್ ತೀರದ ನಾಡುಗಳಿಂದ ಹಡಗಿನಲ್ಲಿ ತರಿಸಿತ್ತು. ಆಮೇಲೆ 1880ರ ದಶಕದಲ್ಲಿ ರೈಲು ಬಂತು. ಉಗಿಬಂಡಿಗೆ ದಾರಿಯುದ್ದಕ್ಕೂ ನೀರು ಬೇಕು, ಹಾಗಾಗಿ ಹಳಿಗಳು ಒರತೆಗಳ ಕಡೆ ಬಾಗಿದವು. ರಸ್ತೆ ಹಳಿಗಳ ಪಕ್ಕ ಹಿಡಿದು ಬಂತು. ಈ ದಾರಿಯ ಬಳುಕು ಸುಮ್ಮನೆ ಬಂದದ್ದಲ್ಲ, ಒಂದೊಂದರ ಹಿಂದೆಯೂ ಒಂದು ಒರತೆ ಇದೆ. ರೈಲುಗಳು ಈಗಲೂ ಓಡುತ್ತವೆ. ಒಂದು ಗೂಡ್ಸ್ ರೈಲು ಬಹಳ ದೂರ ನಮ್ಮ ಪಕ್ಕದಲ್ಲೇ ಬಂತು, ಅಪ್ಪ ಡಬ್ಬಿ ಎಣಿಸಿದರು. ನೂರಾ ಹದಿನಾಲ್ಕು.

ಆ ಒರತೆಗಳ ಹೆಸರಿನದೇ ಪೀಚ್ ಸ್ಪ್ರಿಂಗ್ಸ್, ವಾಲಪೈ ಎಂಬ ಮೂಲನಿವಾಸಿ ಜನರ ಆಡಳಿತದ ಊರು. ತಮ್ಮ ನೀರನ್ನೂ ನೆಲವನ್ನೂ ರೈಲ್ವೆ ತನ್ನದೆಂದಾಗ ಅವರು ಸುಪ್ರೀಂ ಕೋರ್ಟಿನವರೆಗೂ ಹೋರಾಡಿದರು. 1941ರಲ್ಲಿ ಬಂದ ತೀರ್ಪು, ಒಪ್ಪಂದದ ಕಾಗದ ಇಲ್ಲದಿದ್ದರೂ ತಲೆತಲಾಂತರದಿಂದ ಬಾಳಿಕೊಂಡು ಬಂದ ನೆಲದ ಮೇಲೆ ಮೂಲನಿವಾಸಿಗಳಿಗೆ ಹಕ್ಕಿರುತ್ತದೆ ಎಂದಿತು. ಈ ರಸ್ತೆಯ ಬಗ್ಗೆ ಬರೆಯುವವರು ಹೊಳೆಯುವ ಹಳೇ ಕಾರುಗಳ ಬಗ್ಗೆ ಪುಟಗಟ್ಟಲೆ ಬರೆದು ಈ ಊರನ್ನು ಒಂದು ಸಾಲಿನಲ್ಲಿ ದಾಟುತ್ತಾರೆ. ನನಗದು ಸರಿ ಕಾಣುವುದಿಲ್ಲ. ಇಲ್ಲಿ ಎಲ್ಲರಿಗೂ ನಿಲ್ಲುವ ಸ್ವಾತಂತ್ರ್ಯ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಜನರು ಯಾವ ಊರಿನಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂದು ತಿಳಿಸುವ ಹಸಿರು ಕೈಪಿಡಿಯೊಂದನ್ನು ಗಾಡಿಯಲ್ಲಿಟ್ಟುಕೊಂಡೇ ಹೊರಡಬೇಕಿತ್ತು. 1936ರಿಂದ ಮೂವತ್ತು ವರ್ಷ ಅದು ಅಚ್ಚಾಗುತ್ತಿತ್ತು.

ರಾತ್ರಿ ಕಿಂಗ್ಮನ್‌ನಲ್ಲಿ ಉಳಿದೆವು. ಈ ದೇಶದ ಮೋಟೆಲುಗಳಲ್ಲಿ ದೊಡ್ಡ ಪಾಲು ಗುಜರಾತಿ ಮೂಲದವರದು, ನಮಗೆ ಸಿಕ್ಕಿದ್ದೂ ಅಂಥದ್ದೇ. ಅಪ್ಪ ತಮ್ಮ ಲಾರಿ ಡ್ರೈವರುಗಳಿಂದ ಕಲಿತ ಹಿಂದಿಯಲ್ಲಿ ಯಜಮಾನರ ಜೊತೆ ಮಾತಿಗೆ ಕೂತರು. ಶುಂಠಿ ಹಾಕಿದ ಚಹಾ ಬಂತು. ನಾನು ಮಲಗಲು ಹೋದಾಗಲೂ ಇಬ್ಬರೂ ಹಾಲಿನ ದರದ ಬಗ್ಗೆ ಮಾತಾಡುತ್ತಲೇ ಇದ್ದರು.

ಮರುದಿನದ ದಾರಿಗೆ ನಾನು ಮನಸ್ಸಿನಲ್ಲೇ ಅಂಜಿದ್ದೆ. ಕಿಂಗ್ಮನ್ ದಾಟಿ ಬಯಲಿಗಿಳಿದರೆ ಎದುರಿಗೆ ಕಪ್ಪು ಬೆಟ್ಟಗಳು, ನಿಜವಾಗಿಯೂ ಕಪ್ಪು, ಜ್ವಾಲಾಮುಖಿಯ ಕಲ್ಲು. ರಸ್ತೆ ಅದರೊಳಗೆ ನುಗ್ಗಿ ಸುತ್ತಿ ಸುತ್ತಿ 3,550 ಅಡಿ ಎತ್ತರದ ಸಿಟ್‌ಗ್ರೀವ್ಸ್ ಕಣಿವೆಮಾರ್ಗಕ್ಕೆ ಏರುತ್ತದೆ. ಅಗಲ ಎರಡು ಗಾಡಿಗೆ ಸಾಕಾಗುವಷ್ಟೆ. ಬಹುತೇಕ ಕಡೆ ಅಂಚಿಗೆ ತಡೆಗಂಬಿಯಿಲ್ಲ, ತಿರುವಿನಾಚೆ ಏನಿದೆಯೋ ತಿರುಗಿದ ಮೇಲೆಯೇ ಕಾಣಬೇಕು. ಏಸಿ ಆರಿಸಿ, ಎರಡನೇ ಗೇರಿನಲ್ಲಿ ಏರಿದೆ. ಅಪ್ಪ ಒಂದೂ ಮಾತಾಡಲಿಲ್ಲ. ದೇವಿಮನೆ ಘಾಟಿನಲ್ಲಿ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಕುಮಟಾಕ್ಕೆ ಹೋಗಿಬಂದವರು, ಏರುವಾಗ ಓಡಿಸುವವರನ್ನು ಮಾತಾಡಿಸಬಾರದೆಂದು ಬಲ್ಲವರು. ಕಲ್ಲುಬಂಡೆಗಳ ನಡುವೆ ಹಳದಿ ಹೂ ತೆರೆದಿತ್ತು.

ಮೇಲೆ ನಿಂತಾಗ ಹೇಳಿದೆ. ಆ ಕಾಲದ ಫೋರ್ಡ್ ಮಾಡೆಲ್ ಟಿ ಗಾಡಿಗೆ ಪೆಟ್ರೋಲ್ ಪಂಪಿರಲಿಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಾನಾಗಿ ಇಳಿದು ಬರಬೇಕಿತ್ತು. ಟ್ಯಾಂಕಿನಲ್ಲಿ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಮೂತಿ ಮೇಲಾಗಿ ಪೆಟ್ರೋಲ್ ಬರುವುದೇ ನಿಲ್ಲುತ್ತಿತ್ತು. ಅದಕ್ಕೆ ಜನ ಗಾಡಿ ತಿರುಗಿಸಿ, ಹಿಮ್ಮುಖವಾಗಿಯೇ ಬೆಟ್ಟ ಹತ್ತುತ್ತಿದ್ದರು. ಧೈರ್ಯ ಸಾಲದವರು ಸ್ಥಳೀಯರಿಗೆ ದುಡ್ಡು ಕೊಟ್ಟು ಎಳೆಸಿಕೊಳ್ಳುತ್ತಿದ್ದರು. ಅಪ್ಪ ನಾವು ಬಂದ ತಿರುವುಗಳನ್ನು ಮತ್ತೊಮ್ಮೆ ನೋಡಿದರು. "ಹೆಂಡ್ರು ಮಕ್ಳು ಕುಂತಿರ್ತಾರ ಗಾಡಿಯೊಳಗ. ಹಿಂದಕ್ಕ ನೋಡ್ಕೊಂತ ಹತ್ಸಬೇಕಲ್ಲ" ಅಂದರು.

ಆಚೆ ಇಳಿದರೆ ಓಟ್ಮನ್. ಚಿನ್ನದ ಗಣಿಯ ಊರು. 1942ರಲ್ಲಿ ಯುದ್ಧಕ್ಕೆ ಬೇಡದ ಕೆಲಸವೆಂದು ಚಿನ್ನದ ಗಣಿಗಳನ್ನು ಮುಚ್ಚಿಸಿದರು, ಐವತ್ತರ ದಶಕದ ಮೊದಲಲ್ಲಿ ರಸ್ತೆಯನ್ನೂ ಬೆಟ್ಟ ಬಳಸುವಂತೆ ತಿರುಗಿಸಿದರು. ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿ ಬೀದಿಯಲ್ಲಿ ಓಡಾಡಿಕೊಂಡಿದೆ, ಜನ ಅವುಗಳಿಗೆ ಮುತ್ತಿಕೊಂಡಿದ್ದರು. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಟೋಪಾಕ್‌ನಲ್ಲಿ ಕೊಲರಾಡೊ ನದಿಯ ಮೇಲೆ 1916ರ ಬಿಳಿ ಕಮಾನು ಸೇತುವೆ ಇದೆ. ಈಗ ಅದರ ಮೇಲೆ ಗಾಡಿಗಳಿಲ್ಲ, ಗ್ಯಾಸಿನ ಕೊಳವೆ ಹೊತ್ತು ನಿಂತಿದೆ. ಅರಿಜೋನದ ಹಳೆಯ ರಸ್ತೆ ಅಲ್ಲಿಗೆ ಮುಗಿಯಿತು.

ನದಿ ದಾಟಿದರೆ ಕ್ಯಾಲಿಫೋರ್ನಿಯ, ಮೊಹಾವೆ ಮರುಭೂಮಿ. ಮೂವತ್ತರ ದಶಕದಲ್ಲಿ ಬರ, ಧೂಳುಗಾಳಿ, ಬ್ಯಾಂಕಿನ ಸಾಲ ಮೂರೂ ಸೇರಿ ಒಕ್ಲಹಾಮ ಕಡೆಯ ರೈತರನ್ನು ಎಬ್ಬಿಸಿದಾಗ ಲಕ್ಷಗಟ್ಟಲೆ ಜನ ಈ ದಾರಿಯಲ್ಲಿ ಗುಳೆ ಬಂದರು. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ರಾಜ್ಯದ ಗಡಿಗಳಿಗೆ ತನ್ನ ಪೊಲೀಸರನ್ನು ಕಳಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿಸಿದ. ಗುಳೆ ಎಂಬ ಮಾತನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬರ ಬಿದ್ದ ವರ್ಷ ಗಂಟುಮೂಟೆ ಹೊತ್ತು ಗೋವಾದ ಬಸ್ಸಿಗೆ ಕಾಯುವವರು ನಮ್ಮ ಅಂಗಡಿಯ ಕಟ್ಟೆಯ ಮೇಲೇ ರಾತ್ರಿ ಕಳೆಯುತ್ತಿದ್ದರು.

ಇಲ್ಲಿ ಹಳೆಯ ರಸ್ತೆ ಇನ್ನೂ ಇದೆ, ಉದ್ದಕ್ಕೂ ಹೋಗುವಂತಿಲ್ಲ. ಎಸೆಕ್ಸ್ ಎಂಬ ಊರಿನ ಕಡೆಯಿಂದ ಸೇತುವೆಗಳು ಬಂದ್ ಆಗಿದ್ದವು. ಹೊಸ ಹೆದ್ದಾರಿಯಲ್ಲೇ ಮುಂದೆ ಹೋಗಿ ಕೆಲ್ಬೇಕರ್ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿದು ಹಳೆಯ ರಸ್ತೆ ಸೇರಿಕೊಂಡೆವು. ಎಡಕ್ಕೆ ತಡೆ, ಬಲಕ್ಕೆ ಆಂಬಾಯ್.

ತಡೆಯ ಹತ್ತಿರ ಗಾಡಿ ನಿಲ್ಲಿಸಿದೆ. ಈ ಭಾಗದಲ್ಲಿ ನೂರಕ್ಕೂ ಹೆಚ್ಚು ಮರದ ಸೇತುವೆಗಳಿವೆ, ಹೆಚ್ಚಿನವು ಮೂವತ್ತರ ದಶಕದ ಆಸುಪಾಸಿನವು. ಹತ್ತು ಹೆಜ್ಜೆ ಉದ್ದದ್ದೂ ಇದೆ, ನಾಲ್ವತ್ತು ಹೆಜ್ಜೆಯದೂ ಇದೆ. ಕೆಳಗೆ ನೀರಿಲ್ಲ, ಒಣ ಹಳ್ಳ. ಪಕ್ಕದ ಬ್ಯಾಗ್ದಾದ್ ಎಂಬ ನಿಲ್ದಾಣದಲ್ಲಿ 1912ರ ಅಕ್ಟೋಬರಿನಿಂದ 1914ರ ನವೆಂಬರಿನವರೆಗೆ 767 ದಿನ ಒಂದು ಹನಿ ಮಳೆ ಬಿದ್ದಿರಲಿಲ್ಲ. ದೇಶದಲ್ಲೇ ಅದು ದಾಖಲೆ. ಅಂಥ ನೆಲದಲ್ಲಿ ಈ ರಸ್ತೆಯನ್ನು ಕೊಲ್ಲುತ್ತಿರುವುದು ನೀರು. ವರ್ಷದಲ್ಲೊಂದು ದಿನ ಉತ್ತರದ ಬೆಟ್ಟಗಳ ಮೇಲೆ ಮಳೆ ಸುರಿದರೆ ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ಹಳ್ಳ ಒಮ್ಮೆಲೇ ತುಂಬಿ ಮರದ ಕಂಬಗಳನ್ನು ಕಿತ್ತೊಯ್ಯುತ್ತದೆ. 2014ರಲ್ಲೂ 2017ರಲ್ಲೂ ಹಾಗೇ ಆಯಿತು. ಸಿಮೆಂಟಿನಲ್ಲಿ ಕಟ್ಟಿಬಿಟ್ಟರೆ ರಸ್ತೆ ತೆರೆಯುತ್ತದೆ, ಹಳೆಯದೆಂಬುದು ಹೋಗುತ್ತದೆ. ಮರದಲ್ಲೇ ಕಟ್ಟಲು ಹಣವೂ ಸಮಯವೂ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಮರದಲ್ಲೇ ಕಟ್ಟಲಿ ಎನ್ನುತ್ತೇನೆ, ಕಾಯಬೇಕಾದರೂ ಚಿಂತೆಯಿಲ್ಲ.

ರಸ್ತೆಯ ಉತ್ತರದಂಚಿಗೆ ಆಳೆತ್ತರದ ಮಣ್ಣಿನ ದಿಣ್ಣೆ ಹೋಗುತ್ತದೆ. ಅದೇನೆಂದು ನಾನು ವಿವರಿಸಲು ಹೊರಟಾಗ ಅಪ್ಪ ಆಗಲೇ ಇಳಿದಿದ್ದರು. "ಒಡ್ಡು ಹಾಕ್ಯಾರ" ಅಂದರು. "ನೀರನ್ನ ಓರೆ ಮಾಡಿ ಸೇತುವಿ ಬಾಯಿಗೆ ತರಾಕ." ಸರಿಯಾಗಿ ಅದೇ. ಹೊಲದ ಬದುವಿನ ಲೆಕ್ಕವೇ ಮೊಹಾವೆಯಲ್ಲೂ. ದಾರಿಹೋಕರು ಆ ಒಡ್ಡಿನ ಮೇಲೆ ಕಲ್ಲು ಜೋಡಿಸಿ ಹೆಸರು ಬರೆಯುತ್ತಾರೆ, ಮೈಲಿಗಟ್ಟಲೆ ಹೆಸರುಗಳು, ಪ್ರೇಮಿಗಳದು, ಬೈಕು ಸಂಘದವರದು, ತೀರಿಹೋದವರದು. ಅಪ್ಪನ ಹೆಸರನ್ನೂ ಬರೆಯೋಣವೇ ಎಂದು ಕೇಳಿದೆ. ಬೇಡವೆಂದರು. ಒಂದು ಕಡೆ ಮಳೆ ಕೊರೆದು ಒಡ್ಡಿನ ಮಗ್ಗುಲು ಜಾರಿತ್ತು. ಉರುಳಿ ಬಿದ್ದಿದ್ದ ಕಲ್ಲುಗಳನ್ನು ಆರಿಸಿ ಆ ಕೊರಕಲಿಗೆ ಒತ್ತೊತ್ತಾಗಿ ಇಟ್ಟರು, ದೊಡ್ಡವು ಕೆಳಗೆ, ಸಣ್ಣವು ಸಂದಿಗೆ. ಎಪ್ಪತ್ತೊಂದರ ಅಪ್ಪ ಮೊಣಕಾಲೂರಿ ಇಡುತ್ತಿದ್ದರು, ನಾನು ತಂದುಕೊಟ್ಟೆ.

ಆಂಬಾಯ್‌ಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಒಂದು ಬದಿಗೆ ಕರಿ ಲಾವಾದ ನಡುವೆ ಬೋರಲು ಬಟ್ಟಲಿನಂತೆ ಕೂತ ಹಳೆಯ ಜ್ವಾಲಾಮುಖಿ, ಇನ್ನೊಂದು ಬದಿಗೆ ಉಪ್ಪಿನ ಬೆಳ್ಳನೆ ಬಯಲು. ನಡುವೆ ರಾಯ್ಸ್ ಮೋಟೆಲ್‌ನ ಐವತ್ತಡಿ ಎತ್ತರದ ಫಲಕ, 1959ರದು. 1938ರಲ್ಲಿ ರಾಯ್ ಕ್ರೌಲ್ ಅಂಗಡಿ ತೆರೆದ. ಅವನೂ ಅಳಿಯ ಬಸ್ಟರ್ ಬರ್ರಿಸನೂ ಪೆಟ್ರೋಲ್ ಬಂಕು, ಗ್ಯಾರೇಜು, ಊಟ, ಹಾಸಿಗೆ ಎಲ್ಲ ಸೇರಿಸಿ ಊರನ್ನೇ ಕಟ್ಟಿದರು. 1973ರಲ್ಲಿ ಹೆದ್ದಾರಿ 40 ಬಂತು, ಊರು ನಿಂತುಹೋಯಿತು. 2005ರಲ್ಲಿ ಕೋಳಿ ಹೋಟೆಲುಗಳ ಮಾಲೀಕ ಆಲ್ಬರ್ಟ್ ಒಕುರ ಇಡೀ ಊರನ್ನು 4,25,000 ಡಾಲರಿಗೆ ಕೊಂಡರು, ಮತ್ತೆ ಎಬ್ಬಿಸುತ್ತೇನೆಂದು ಮಾತು ಕೊಟ್ಟು. ದಶಕಗಳಿಂದ ಆರಿದ್ದ ಫಲಕದ ದೀಪ 2019ರ ನವೆಂಬರಿನಲ್ಲಿ ಹತ್ತಿತು. 2023ರಲ್ಲಿ ಅವರು ತೀರಿಕೊಂಡರು.

ನಾನು ತಣ್ಣನೆಯ ಸೋಡಾ ಎರಡು ಬಾಟಲಿ ತಂದೆ. ಅಪ್ಪ ಪಂಪಿನ ಎದುರಿನ ನೆರಳಿನಲ್ಲಿ ಕೂತಿದ್ದರು. ಹೊರಡೋಣವೇ ಎಂದೆ. "ತಡಿ, ಒಂದ್ ತಾಸ್ ಕುಂದ್ರೋಣು" ಅಂದರು. ಯಾಕೆಂದು ಕೇಳಲಿಲ್ಲ. ಮನೆಗೆ ಫೋನ್ ಮಾಡಿ ಅವ್ವನ ಜೊತೆ ಮಾತಾಡಿದೆ, ಉಪ್ಪಿನ ಬಯಲಿನ ಕಡೆ ನಡೆದು ಬಂದೆ. ಹೊತ್ತು ಮುಳುಗಿ, ಮೇಲೆ ಕೆಂಪು ನೀಲಿ ದೀಪ ಹತ್ತಿದಾಗ ಅಪ್ಪ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಕಾಲ ಬಳಿ ಮಣ್ಣಿನಲ್ಲಿ ಕಡ್ಡಿಯಿಂದ ಎಳೆದ ಗೀಟುಗಳು ಎರಡು ಸಾಲು.

"ಇಪ್ಪತ್ಮೂರು ಗಾಡಿ ಬಂದ್ವು" ಅಂದರು. "ಹತ್ತೊಂಬತ್ತು ನಿಂತ್ವು."